‘ನಲ್ಲಿ’ ಎಂದು ಓದಿಕೊಳ್ಳಿ

ನೀರು ಬರುವ ಆ ವಸ್ತುವಿಗೆ ಕೊಳಾಯಿ ಅಂತ ಇನ್ನೊಂದು ಒಳ್ಳೆಯ ಹೆಸರಿದೆ. ಕೊಂಬಣ್ಣ ಅವತ್ತು ಆ ಹೆಸರು ಬರೆದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ, ಅವನ ಮರ್ಯಾದೆಯೂ ಇದ್ದಲ್ಲೇ ಇರುತ್ತಿತ್ತು. ಆದರೆ ಕಾಲ ಕೆಟ್ಟಾಗ ಹಗ್ಗವೂ ಹಾವಾಗುತ್ತದಂತೆ. ಅವನ ಪಾಲಿಗೆ ಒಂದು ಅಕ್ಷರವೇ ಹಾವಾಯಿತು.

ಕೊಂಬಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್. ಯಾವ ಪುಣ್ಯಾತ್ಮ ಎಲ್ಲಿ ಕೊಂಬು ಬಿಟ್ಟ, ಎಲ್ಲಿ ದೀರ್ಘ ನುಂಗಿದ, ಎಲ್ಲಿ ಬೇಡದ ಕಡೆ ಅಕ್ಷರದ ಹೊಟ್ಟೆ ಸೀಳಿದ ಎಂದು ಹುಡುಕಿ ಕೆಂಪು ಶಾಯಿಯಲ್ಲಿ ಗೀಚುವುದು ಅವನ ಕಸುಬು. ಊರವರ ಅಕ್ಷರಕ್ಕೆಲ್ಲ ಕೊಂಬು ಹಚ್ಚಿ ಹಚ್ಚಿ ಇವನ ತಲೆಯ ಮೇಲೂ ಒಂದು ಜೊತೆ ಮೊಳೆತಿದೆ ಎಂದು ಪ್ರೆಸ್ಸಿನವರು ಬೆನ್ನ ಹಿಂದೆ ಆಡಿಕೊಂಡು ಇಟ್ಟ ಹೆಸರದು. ಅದು ಅವನ ಕಿವಿಗೂ ಬಿದ್ದಿತ್ತು. ಸಿಟ್ಟು ಬರಲಿಲ್ಲ, ಒಳಗೊಳಗೇ ಹಿಗ್ಗಿದ. ಅಂಥ ಜನವೂ ಇರುತ್ತಾರೆ.

ಅವನ ಹೆಂಡತಿ ಮನೆಯಲ್ಲೇ ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಕಟ್ಟಡದ ಎರಡನೇ ಮಹಡಿಯಲ್ಲಿ ಅವರ ಮನೆ. ನಡುಮನೆಯ ಕಿಟಕಿ ಪಕ್ಕ ಅವಳ ಮೆಷಿನ್ನು, ಮೆಷಿನ್ನಿನ ಸುತ್ತ ಬಟ್ಟೆಯ ಗುಡ್ಡೆ, ಗುಡ್ಡೆಯ ನಡುವೆ ಅವಳು. ಆಕೆ ಮಾತಿನ ಮಲ್ಲಿ. ಮೆಷಿನ್ನು ಓಡುವಾಗ ಅದಕ್ಕಿಂತ ಜೋರಾಗಿ, ನಿಂತಾಗ ಸ್ವಲ್ಪ ಮೆತ್ತಗೆ, ಒಟ್ಟಿನಲ್ಲಿ ಬೆಳಗಿನಿಂದ ದೀಪ ಆರಿಸುವ ತನಕ ಮಾತು. ದಾರ ತುಂಡಾದರೆ ದಾರಕ್ಕೆ ಬೈಗುಳ, ಗಿರಾಕಿ ಅಳತೆ ತಪ್ಪು ಕೊಟ್ಟರೆ ಗಿರಾಕಿಯ ಏಳು ತಲೆಮಾರಿನ ವಿಚಾರಣೆ. ಕೊಂಬಣ್ಣ ಪ್ರೆಸ್ಸಿನಿಂದ ಬಂದವನು ಗೋಡೆಗೊರಗಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದ. ದಿನವಿಡೀ ಬೇರೆಯವರ ತಪ್ಪು ಓದಿ ಬಂದವನಿಗೆ ಅದು ಹಿತವಾಗಿತ್ತು. ಹಿತವಾಗಿದೆ ಎಂದು ಮಾತ್ರ ಯಾವತ್ತೂ ಹೇಳಿರಲಿಲ್ಲ. ಗಂಡಸರ ಹಣೆಬರಹವೇ ಅಷ್ಟು, ಬಿಡಿ.

ಇನ್ನು ನಲ್ಲಿಯ ವಿಷಯ. ಅಡುಗೆಮನೆಯ ಸಿಂಕಿನ ಮೇಲಿದ್ದ ಆ ಹಿತ್ತಾಳೆ ನಲ್ಲಿ ಅವರು ಈ ಮನೆಗೆ ಬರುವ ಮುಂಚಿನಿಂದಲೂ ಅಲ್ಲಿತ್ತು. ತೆರೆಯಬೇಕಾದರೆ ಬಟ್ಟೆ ಸುತ್ತಿ ಹಲ್ಲು ಕಚ್ಚಿ ತಿರುಗಿಸಬೇಕು. ಮುಚ್ಚಿದರೂ ಮುಚ್ಚದು, ಟೊಪ್ ಟೊಪ್ ಎಂದು ಹನಿ. ಹೊಸದು ಹಾಕಿಸಿ ಎಂದು ಹೆಂಡತಿ ಹೇಳಿದಾಗಲೆಲ್ಲ ಕೊಂಬಣ್ಣನದು ಒಂದೇ ರಾಗ.

“ಹೊಸದಕ್ಕೆ ಎಷ್ಟಾಗುತ್ತೆ ಗೊತ್ತೇನೇ? ಒಂದು ವಾಷರ್ ಹಾಕಿದ್ರೆ ಮುಗೀತು.”

ವಾಷರ್ ಹಾಕಿಸಿದ. ಆಮೇಲೆ ದಾರ ಸುತ್ತಿಸಿದ. ಆಮೇಲೆ ಒಳಗಿನ ಕಡ್ಡಿ ಬದಲಾಯಿಸಿದ. ಪ್ರತಿ ಸಲವೂ ಪ್ಲಂಬರ್ ಬಂದ, ಕಾಫಿ ಕುಡಿದ, ಕೂಲಿ ಇಸಕೊಂಡು ಹೋದ. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ನೀರಿಗೆ ಮಾತ್ರವಲ್ಲ, ಪ್ಲಂಬರಿನ ಕೂಲಿಗೂ ಸಲ್ಲುತ್ತದೆ. ಆ ರಿಪೇರಿಗೆ ಹೋದ ದುಡ್ಡಲ್ಲಿ ಅಡುಗೆಮನೆಗೊಂದು, ಬಚ್ಚಲಿಗೊಂದು ಹೊಸ ನಲ್ಲಿ ಬರುತ್ತಿತ್ತು. ಆದರೆ ಚಿಲ್ಲರೆ ಖರ್ಚು ಕಣ್ಣಿಗೆ ಕಾಣುವುದಿಲ್ಲವಲ್ಲ.

ಕೊನೆಗೆ ಒಂದು ಬೆಳಗ್ಗೆ ನಲ್ಲಿಯ ಹಿಡಿಯೇ ಕಿತ್ತು ಅವಳ ಕೈಗೆ ಬಂತು. ಅವಳು ಅದನ್ನು ತಂದು ಗಂಡನ ತಿಂಡಿ ತಟ್ಟೆಯ ಪಕ್ಕದಲ್ಲಿಟ್ಟಳು.

“ತಗೊಳ್ಳಿ, ಇದನ್ನೂ ತಿದ್ದಿ.”

“ಆಯ್ತು ಮಾರಾಯ್ತಿ, ಹೊಸದೇ ಹಾಕಿಸೋಣ,” ಎಂದ ಕೊಂಬಣ್ಣ. ಆದರೆ ಹಾಗೆಲ್ಲ ಅಂಗಡಿಗೆ ನುಗ್ಗುವ ಆಸಾಮಿಯೇ ಅವನು? ಅಂಗಡಿಯವನ ಬಾಯಿಗೆ ಬೀಳುವ ಮೊದಲು ನಾಲ್ಕು ಜನ ಎಷ್ಟು ಕೊಟ್ಟಿದ್ದಾರೆ ಎಂದು ತಿಳಿದುಕೊಂಡರೆ ಚೌಕಾಸಿಗೆ ಅನುಕೂಲ. ಕಟ್ಟಡದ ಮನೆಗಳಿಗೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗ್ರೂಪ್ ಇತ್ತು. ಪ್ಲಂಬರೂ ಅದರಲ್ಲಿದ್ದ. ಪ್ರೆಸ್ಸಿಗೆ ಹೋದವನೇ ಕನ್ನಡಕ ಹಣೆಗೇರಿಸಿಕೊಂಡು ಅವಸರವಸರವಾಗಿ ಹೀಗೆ ಬರೆದು ಕಳಿಸಿದ:

‘ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನಲ್ಲೆ ತುಂಬಾ ಹಳೆಯದಾಗಿದೆ. ಏನು ಮಾಡಿದರೂ ಬಾಯಿ ಮುಚ್ಚುವುದಿಲ್ಲ. ರಿಪೇರಿ ಮಾಡಿಸಿ ಸಾಕಾಗಿದೆ. ಬದಲಾಯಿಸುವುದೇ ವಾಸಿ ಅನಿಸುತ್ತಿದೆ. ಇತ್ತೀಚೆಗೆ ಬದಲಾಯಿಸಿದವರು ಯಾರಾದರೂ ಇದ್ದರೆ ಖರ್ಚು ಎಷ್ಟಾಯಿತೆಂದು ದಯವಿಟ್ಟು ತಿಳಿಸಿ.’

ನೋಡಿದಿರಾ? ನಲ್ಲಿಗೆ ಗುಡಿಸು ಹಾಕಬೇಕಾದ ಬೆರಳು ಜಾರಿ ಏತ್ವ ಹಾಕಿತ್ತು. ಹಾಡು ಪದ್ಯಗಳಲ್ಲಿ ಬಿಟ್ಟರೆ ಬೇರೆಲ್ಲೂ ಸುಳಿಯದ ಪ್ರೀತಿಯ ಹೆಂಗಸು ಬಂದು ಸಿಂಕಿನ ಮೇಲೆ ಕೂತಿದ್ದಳು. ಸಾವಿರ ಪುಟದ ಪುಸ್ತಕದಲ್ಲಿ ಒಂದು ಸೊನ್ನೆ ಬಿಡದವನು ನಾಲ್ಕು ಸಾಲಿನಲ್ಲಿ ಎಡವಿ ಬಿದ್ದ.

ಮೊದಲು ಉತ್ತರ ಕೊಟ್ಟವನು ಪ್ಲಂಬರ್. ಅವನು ಪಾಪ ತನ್ನ ಕಸುಬಿನ ಕಣ್ಣಲ್ಲಿ ನಲ್ಲಿ ಎಂದೇ ಓದಿಕೊಂಡಿದ್ದ. ಬರೆಯುವ ತಂಟೆ ಅವನಿಗಾಗದು, ಮಾತಾಡಿಯೇ ಕಳಿಸುವುದು.

“ಸಾರ್, ನಿಮ್ಮದನ್ನ ನಾನು ನೋಡಿಲ್ವಾ? ಪೂರ್ತಿ ಸವೆದು ಹೋಗಿದೆ. ಅದಕ್ಕೆ ಇನ್ನು ದುಡ್ಡು ಸುರಿಯೋದು ದಂಡ. ಈಗ ಒಳ್ಳೊಳ್ಳೆ ಮಾಡಲ್ ಬಂದಿದೆ, ಥಳಥಳ ಅಂತಿರುತ್ತೆ, ಹೇಳಿದ ಹಾಗೆ ಕೇಳುತ್ತೆ. ಬನ್ನಿ, ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ಹಳೇದನ್ನ ಗುಜರಿಗೆ ಹಾಕಿದ್ರೆ ನಾಲ್ಕು ಕಾಸು ಬರುತ್ತೆ.”

ಮೇಲಿನ ಮಹಡಿಯ ಬ್ಯಾಂಕಿನವನು ಬರೆದ: ‘ಹೊಸದು ತರುವುದು ಸುಲಭ ಸಾರ್, ಆಮೇಲಿನ ಮೇಂಟೆನೆನ್ಸ್ ಕಷ್ಟ.’

ಮೊದಲನೇ ಮಹಡಿಯ ಅಜ್ಜಿಗೆ ನಗುವ ವಿಷಯ ಯಾವುದು ಅಳುವ ವಿಷಯ ಯಾವುದು ಎಂಬ ಭೇದವಿಲ್ಲ. ಆಕೆಯ ದನಿ ನಡುಗುತ್ತ ಬಂತು. “ಏನಪ್ಪಾ, ಲಕ್ಷಣವಾಗಿ ಸಂಸಾರ ಮಾಡ್ಕೊಂಡಿದ್ದೆ. ಈ ವಯಸ್ಸಲ್ಲಿ ಇದೇನು ಬುದ್ಧಿ? ಅವಳು ಮಾತು ಜಾಸ್ತಿ ಆಡ್ತಾಳೆ, ನಿಜ. ಹಾಗಂತ ಬಿಟ್ಬಿಡೋದಾ?”

ಕೊಂಬಣ್ಣ ಕನ್ನಡಕ ಕೆಳಗಿಳಿಸಿ ತಾನು ಬರೆದದ್ದನ್ನು ಓದಿದ. ಏತ್ವ ಈಗ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಹೆಂಡತಿಯ ಫೋನು. ಎತ್ತಿದರೆ ಆ ಕಡೆಯಿಂದ ಮಾತೇ ಇಲ್ಲ, ಬರೀ ನಗು. ನಕ್ಕು ನಕ್ಕು ಉಸಿರು ಸಿಕ್ಕಿಸಿಕೊಂಡು ಕೆಮ್ಮಿದಳು.

“ಏನ್ರೀ, ಹೊಸ ನಲ್ಲೆ ಎಷ್ಟಕ್ಕೆ ಸಿಗ್ತಾಳಂತೆ? ಹಳೇದನ್ನ ಕೊಟ್ರೆ ಎಷ್ಟು ಕಳೀತಾರೆ, ಅದನ್ನೂ ವಿಚಾರಿಸಿ!”

ಆ ಗಳಿಗೆಯಲ್ಲಿ ಅವನೂ ನಕ್ಕಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಗಲಿಲ್ಲ. ಹೆಂಡತಿ ನಕ್ಕಿದ್ದು ಅವನ ಕಿವಿಗೆ ಬಿದ್ದರೆ ತಾನೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಕೊಂಬಣ್ಣ ಅಕ್ಷರ ತಪ್ಪಿದನಂತೆ ಎಂದು ನಾಳೆ ಪ್ರೆಸ್ಸಿಗೆಲ್ಲ ಗೊತ್ತಾದರೆ ಗತಿಯೇನು ಎಂಬುದೊಂದೇ ಅವನ ತಲೆಯಲ್ಲಿ. “ಇಡು ಫೋನು, ಕೆಲಸ ಇದೆ” ಎಂದು ಗದರಿಸಿ ಇಟ್ಟುಬಿಟ್ಟ. ಬರೆದದ್ದನ್ನು ಅಳಿಸಿಹಾಕಬಹುದಿತ್ತಲ್ಲ ಎನ್ನಬೇಡಿ. ಅಚ್ಚಾದ ತಪ್ಪನ್ನು ಬಚ್ಚಿಡಬಾರದು, ತಿದ್ದುಪಡಿ ಹಾಕಬೇಕು ಎಂಬುದು ಅವನ ಕಸುಬಿನ ಧರ್ಮ. ಹಾಕಿದ:

‘ತಿದ್ದುಪಡಿ: ಮೇಲಿನ ಸಂದೇಶದಲ್ಲಿ “ನಲ್ಲೆ” ಎಂದಿರುವಲ್ಲಿ “ನಲ್ಲಿ” ಎಂದು ಓದಿಕೊಳ್ಳಿ. ನಮ್ಮ ಮನೆಯಲ್ಲಿ ನಲ್ಲೆ ಇಲ್ಲ. ಇರುವುದು ನಲ್ಲಿ ಮಾತ್ರ. ಕಣ್ತಪ್ಪಿಗೆ ವಿಷಾದವಿದೆ.’

ಎರಡೆರಡು ಸಲ ಅಕ್ಷರ ಅಕ್ಷರ ನೋಡಿ ಕಳಿಸಿದ. ಒಂದು ಚುಕ್ಕಿ ತಪ್ಪಿರಲಿಲ್ಲ. ಸಮಾಧಾನವಾಯಿತು.

ಸಂಜೆ ಮನೆಗೆ ಬಂದ. ಮೆಷಿನ್ನು ಓಡುತ್ತಿತ್ತು. ಹೆಂಡತಿ ಎದ್ದು ಕಾಫಿ ಕೊಟ್ಟಳು, ಮತ್ತೆ ಹೋಗಿ ಕೂತಳು. ಕೊಂಬಣ್ಣ ಎಂದಿನಂತೆ ಗೋಡೆಗೊರಗಿ ಕಣ್ಣು ಮುಚ್ಚಿದ. ಕಾದ. ಮಾತು ಬರಲಿಲ್ಲ. ದಾರ ತುಂಡಾಯಿತು, ಅದಕ್ಕೂ ಬೈಗುಳವಿಲ್ಲ. ಅವಳು ಸುಮ್ಮನೆ ಪೋಣಿಸಿಕೊಂಡು ಮುಂದುವರಿಸಿದಳು.

“ತಲೆನೋವೇನೇ?”

“ಉಹೂಂ.”

“ಯಾರಾದ್ರೂ ಏನಾದ್ರೂ ಅಂದ್ರಾ?”

“ಇಲ್ಲ.”

ಊಟಕ್ಕೆ ಬಡಿಸಿದಳು. ಸಾಕಾ, ಬೇಕಾ, ಅಷ್ಟೇ. ಹಳೆಯದಾಗಿದೆ, ಬಾಯಿ ಮುಚ್ಚುವುದಿಲ್ಲ ಎಂದು ಬರೆದದ್ದಕ್ಕೆ ಕೋಪ ಎಂದು ಕೊಂಬಣ್ಣ ಲೆಕ್ಕ ಹಾಕಿದ. ಕೋಪ ಇಳಿಸುವ ಉಪಾಯವೂ ಹೊಳೆಯಿತು. ಬೆಳಗಾದರೆ ರಜೆ ಹಾಕಿ ನಲ್ಲಿ ತರುವುದು. ಅದೂ ಎಂಥಾದ್ದು, ಇದ್ದುದರಲ್ಲೇ ಒಳ್ಳೆಯದು.

ಮಾರನೇ ದಿನ ಪ್ಲಂಬರ್ ಜೊತೆ ಅಂಗಡಿಗೆ ಹೋದ. ಗೋಡೆ ತುಂಬ ನಲ್ಲಿಗಳು ಮೂತಿ ಮುಂದೆ ಮಾಡಿಕೊಂಡು ಸಾಲಾಗಿ ನಿಂತಿದ್ದವು. ಅಂಗಡಿಯವನು ಅಗ್ಗದ್ದು ತೋರಿಸಿದ, ನಡುತರದ್ದು ತೋರಿಸಿದ. ಕೊಂಬಣ್ಣ ಮೇಲಿನ ಸಾಲಿನದಕ್ಕೆ ಕೈ ತೋರಿದ. ಉದ್ದ ಕತ್ತಿನದು, ಹಿಡಿಯನ್ನು ಮೊಣಕೈಯಲ್ಲಿ ಎತ್ತಿದರೂ ನೀರು ಬರುವಂಥದು. ಬೆಲೆ ಕೇಳಿ ಪ್ಲಂಬರೇ ಬಾಯಿ ಮೇಲೆ ಕೈಯಿಟ್ಟುಕೊಂಡ. ಕೊಂಬಣ್ಣ ಚೌಕಾಸಿ ಮಾಡದೆ ದುಡ್ಡು ಎಣಿಸಿದ.

“ಸಾರ್, ಹುಷಾರಾಗಿದೀರಾ?” ಎಂದು ಪ್ಲಂಬರ್ ಹೊರಗೆ ಬಂದಮೇಲೆ ಕೇಳಿದ.

ಮನೆಗೆ ತಂದು ಹಳೆಯದನ್ನು ಬಿಚ್ಚಿದರೆ ಗೋಡೆಯೊಳಗಿನ ಪೈಪಿನ ತುದಿ ತುಕ್ಕು ಹಿಡಿದು ಪುಡಿಪುಡಿಯಾಗಿತ್ತು. ಅದನ್ನು ಕತ್ತರಿಸಬೇಕು, ಅದಕ್ಕೆ ಟೈಲ್ಸ್ ಒಡೆಯಬೇಕು, ಒಡೆದ ಮೇಲೆ ಅದೇ ಬಣ್ಣದ ಟೈಲ್ಸ್ ಎಲ್ಲೂ ಸಿಗುವುದಿಲ್ಲ. ಮೂಗಿಗಿಂತ ಮೂಗುತಿ ಭಾರವಾಯಿತು. ಬೇರೆ ದಿನವಾಗಿದ್ದರೆ ಕೊಂಬಣ್ಣ ಪ್ಲಂಬರಿನ ಜನ್ಮ ಜಾಲಾಡುತ್ತಿದ್ದ. ಈಗ “ಎಷ್ಟಾದ್ರೂ ಆಗ್ಲಿ, ಸರಿಯಾಗಿ ಮಾಡು” ಎಂದ. ಹೆಂಡತಿ ಮೆಷಿನ್ನಿನ ಮುಂದಿಂದ ಕತ್ತೆತ್ತಿ ಒಮ್ಮೆ ನೋಡಿದಳು, ಮತ್ತೆ ಬಟ್ಟೆಯ ಕಡೆ ತಿರುಗಿದಳು.

ಕೆಲಸ ಮುಗಿಯಿತು. ಅವನು ಅವಳನ್ನು ಅಡುಗೆಮನೆಗೆ ಕರೆದ. ಅವಳು ಹಿಡಿ ಎತ್ತಿದಳು, ನೀರು ಮೆಲ್ಲಗೆ ಸುರಿಯಿತು. ಇಳಿಸಿದಳು, ನಿಂತಿತು. ಒಂದು ಹನಿಯೂ ತೊಟ್ಟಿಕ್ಕಲಿಲ್ಲ.

“ಚೆನ್ನಾಗಿದೆ,” ಎಂದು ಕೈ ಒರೆಸಿಕೊಂಡು ಹೋದಳು.

ಅಷ್ಟೇ. ಅಷ್ಟು ದುಡ್ಡಿಗೆ ಒಂದೇ ಪದ. ಆ ಸಂಜೆ ಮನೆಯಲ್ಲಿ ಟೊಪ್ ಟೊಪ್ ಸದ್ದೂ ಇಲ್ಲ, ಅವಳ ಮಾತೂ ಇಲ್ಲ. ಮೆಷಿನ್ನು ನಿಂತಾಗ ಗೋಡೆ ಗಡಿಯಾರದ ಮುಳ್ಳು ಸರಿಯುವುದು ಕೇಳುತ್ತಿತ್ತು. ಕೊಂಬಣ್ಣನಿಗೆ ಊಟ ಸೇರಲಿಲ್ಲ. ಈ ಮನೆ ಇಷ್ಟು ಸದ್ದಿಲ್ಲದೆ ಇರಬಲ್ಲದೆಂದೇ ಅವನಿಗೆ ಗೊತ್ತಿರಲಿಲ್ಲ. ಹೆದರಿಕೆಯಾಯಿತು. ಅವಳು ಇನ್ನು ಮುಂದೆ ಹೀಗೇ ಇದ್ದುಬಿಟ್ಟರೆ? ಬೇಕಿದ್ದರೆ ಬೈಯಲಿ, ಶಾಪ ಹಾಕಲಿ, ಏನಾದರೂ ಒಂದು ಆಡಲಿ ದೇವರೇ ಎಂದುಕೊಂಡ.

ಮರುದಿನ ಪ್ರೆಸ್ಸಿಗೆ ಹೋದರೂ ಮನಸ್ಸು ಅಲ್ಲಿರಲಿಲ್ಲ. ಹೊಸ ನಲ್ಲಿ ಬಂದರೂ ಕೋಪ ಇಳಿಯಲಿಲ್ಲವೆಂದರೆ ತಾನು ಬರೆದದ್ದರಲ್ಲೇ ಇನ್ನೇನೋ ಇರಬೇಕು. ಎದುರು ಕುರ್ಚಿಯಲ್ಲಿ ಟೈಪಕ್ಕ. ಆ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವಳು ಆಕೆಯೇ, ಇವನದೇ ವಯಸ್ಸಿನವಳು. ಕೊನೆಯ ಪ್ರೂಫ್ ನೋಡುವಾಗ ಅವರದೊಂದು ಪದ್ಧತಿಯಿತ್ತು. ಬರೆದವನ ಕಣ್ಣಿಗೆ ತನ್ನ ತಪ್ಪು ಕಾಣದು, ಆದ್ದರಿಂದ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಬೇಕು. ಓದುವವರು ರಾಗ, ಭಾವ ಏನೂ ಸೇರಿಸಕೂಡದು. ಚುಕ್ಕಿಯನ್ನೂ ಬಾಯಿಬಿಟ್ಟು ಹೇಳಬೇಕು.

ಕೊಂಬಣ್ಣ ಮೊಬೈಲನ್ನು ಅವಳ ಮುಂದಿಟ್ಟ. “ಟೈಪಕ್ಕ, ಇದರಲ್ಲಿ ಇನ್ನೂ ಏನೋ ತಪ್ಪು ಉಳಿದಿದೆ. ನನ್ನ ಕಣ್ಣಿಗೆ ಸಿಗ್ತಿಲ್ಲ. ಸ್ವಲ್ಪ ಓದಿ.”

ಟೈಪಕ್ಕ ದಿನಾ ಓದುವ ಆ ಸಪ್ಪೆ ದನಿಯಲ್ಲಿ ಶುರುಮಾಡಿದಳು. “ತಿದ್ದುಪಡಿ. ಮೇಲಿನ ಸಂದೇಶದಲ್ಲಿ ನಲ್ಲೆ ಎಂದಿರುವಲ್ಲಿ ನಲ್ಲಿ ಎಂದು ಓದಿಕೊಳ್ಳಿ ಪೂರ್ಣವಿರಾಮ. ನಮ್ಮ ಮನೆಯಲ್ಲಿ ನಲ್ಲೆ ಇಲ್ಲ ಪೂರ್ಣವಿರಾಮ.”

“ನಿಲ್ಸಿ,” ಎಂದ ಕೊಂಬಣ್ಣ.

“ಯಾಕೆ? ಅಕ್ಷರ ಸರಿಯಾಗಿದೆಯಲ್ಲ.”

“ಅಕ್ಷರ ಸರಿಯಾಗಿದೆ. ಇನ್ನೊಂದ್ಸಲ ಓದಿ.”

“ನಮ್ಮ ಮನೆಯಲ್ಲಿ ನಲ್ಲೆ ಇಲ್ಲ ಪೂರ್ಣವಿರಾಮ.”

ಕೊಂಬಣ್ಣನಿಗೆ ಈಗ ತಪ್ಪು ಸಿಕ್ಕಿತು. ಅವಳು ಹಳೆಯದಾಗಿದೆ ಎಂಬುದಕ್ಕೆ ನಕ್ಕಿದ್ದಳು. ಬಾಯಿ ಮುಚ್ಚುವುದಿಲ್ಲ ಎಂಬುದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ತಪ್ಪು ಅವಳನ್ನು ನಗಿಸಿತ್ತು, ತಿದ್ದಿದ್ದು ಸುಮ್ಮನಾಗಿಸಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅಂಥದೊಂದು ಪದ ಅವನ ಕೈಯಿಂದ ಬಂದದ್ದು ಒಂದೇ ಸಲ, ಅದೂ ಬೆರಳು ಜಾರಿ. ಜಾರಿದ್ದನ್ನೂ ಬಿಡದೆ ವಾಪಸು ಕಿತ್ತುಕೊಂಡು, ಅಂಥವಳು ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ ಎಂದು ನಾಲ್ಕು ಮಹಡಿಗೆ ಸಾರಿದ್ದ. ವಿಷಾದ ಬೇರೆ ಸೂಚಿಸಿದ್ದ. ಥೂ ನನ್ನ ಜನ್ಮಕ್ಕಿಷ್ಟು ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಅವನು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

ಮನೆಯ ಮೆಟ್ಟಿಲ ತನಕ ಓಡೋಡಿ ಬಂದವನಿಗೆ ಮೇಲೆ ಹತ್ತುವ ಧೈರ್ಯ ಸಾಲಲಿಲ್ಲ. ಎದುರಿಗೆ ನಿಂತು ಹೇಳುವ ಜಾತಿಯ ಮನುಷ್ಯನಲ್ಲ ಅವನು. ಮೊದಲ ಮಹಡಿಯ ತಿರುವಿನಲ್ಲಿ ಕೂತ. ಮೇಲಿನಿಂದ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಕನ್ನಡಕವನ್ನು ಸರಿಯಾಗಿ ಮೂಗಿನ ಮೇಲಿಟ್ಟುಕೊಂಡು ಬರೆಯತೊಡಗಿದ. ಬರೆದ, ಅಳಿಸಿದ, ಬೆವರು ಒರೆಸಿಕೊಂಡ, ಮತ್ತೆ ಬರೆದ.

‘ತಿದ್ದುಪಡಿಗೆ ತಿದ್ದುಪಡಿ: ನಮ್ಮ ಮನೆಯಲ್ಲಿ ನಲ್ಲೆ ಇಲ್ಲ ಎಂದು ಬರೆದಿದ್ದೆ. ಅದು ಕಣ್ತಪ್ಪಲ್ಲ, ಬುದ್ಧಿತಪ್ಪು. ನಮ್ಮ ಮನೆಯಲ್ಲಿ ನಲ್ಲೆ ಇದ್ದಾಳೆ. ಮೊದಲಿನಿಂದಲೂ ಇದ್ದಾಳೆ. ಅವಳು ಬಾಯಿ ಮುಚ್ಚಿದರೆ ಮನೆ ಮನೆಯಂತಿರುವುದಿಲ್ಲ. ಬದಲಾಯಿಸುವ ಉದ್ದೇಶವಿಲ್ಲ. ಆದ್ದರಿಂದ ಯಾರೂ ಖರ್ಚು ತಿಳಿಸುವುದು ಬೇಡ.’

ಕಣ್ಣು ಮುಚ್ಚಿ ಒತ್ತಿದ. ಕೆಳಗಿನ ಬಾಗಿಲ ಹಿಂದೆ ಒಂದು ಫೋನು ಟಿಣ್ ಎಂದಿತು, ಪಕ್ಕದಲ್ಲಿ ಇನ್ನೊಂದು, ಮೇಲೆ ಮತ್ತೊಂದು. ಎಲ್ಲೋ ಯಾರೋ ಕಿಸಕ್ಕನೆ ನಕ್ಕರು. ಎರಡನೇ ಮಹಡಿಯಲ್ಲಿ ಮೆಷಿನ್ನು ಇನ್ನೂ ಓಡುತ್ತಿತ್ತು. ಆಮೇಲೆ ನಿಂತಿತು. ಕೊಂಬಣ್ಣ ಕಂಬಿ ಹಿಡಿದು ಕೂತ. ನಿಂತದ್ದು ಬಹಳ ಹೊತ್ತು ನಿಂತೇ ಇತ್ತು.

ಬಾಗಿಲು ತೆರೆಯಿತು. ಹೆಂಡತಿ ಮೆಟ್ಟಿಲ ತಲೆಯಲ್ಲಿ ಕಾಣಿಸಿಕೊಂಡಳು, ಕೊರಳಲ್ಲಿ ಅಳತೆ ಪಟ್ಟಿ, ಕೈಯಲ್ಲಿ ಫೋನು.

“ಏನ್ರೀ ಇದು? ಇದ್ದಾಳೆ ಅಂತೆ! ಊರಿಗೆಲ್ಲ ತೋರಿಸಿ ಬರೆಯೋವಾಗ ಹೆಂಡ್ತಿಗೊಂದು ಮರ್ಯಾದೆ ಬೇಡ್ವಾ? ಇದ್ದಾರೆ ಅಂತ ಹಾಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಕೊಂಬಣ್ಣನಿಗೆ ಹೋದ ಜೀವ ಬಂತು. “ಹಾಕ್ತಿದ್ದೆ ಕಣೇ. ಆದ್ರೆ ಮನೇಲಿ ನಲ್ಲೆ ಇದ್ದಾರೆ ಅಂತ ಬರೆದ್ರೆ, ಎಷ್ಟು ಜನ ಇದ್ದಾರೆ ಅಂತ ಕೆಳಗಿನ ಅಜ್ಜಿ ಕೇಳಲ್ವಾ?”

ಅವಳು ತುಟಿ ಕಚ್ಚಿ ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ. ಅಳತೆ ಪಟ್ಟಿಯ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಕೊಂಬಣ್ಣನ ಕಣ್ಣಲ್ಲೂ ನೀರು. ಮೆಟ್ಟಿಲು ಹತ್ತಿ ಅವಳ ಪಕ್ಕ ನಿಂತ. ಅವಳ ಬಾಯಿ ಆಗಲೇ ಶುರುವಾಗಿತ್ತು. ಬೆಳಗ್ಗೆ ಬಂದ ಗಿರಾಕಿ ಕಿಟಕಿ ಅಳತೆ ಎಂದು ಬಾಗಿಲಿನ ಅಳತೆ ಕೊಟ್ಟು ಹೋದದ್ದು, ಪ್ಲಂಬರ್ ಟೈಲ್ಸ್ ಪುಡಿಯನ್ನೆಲ್ಲ ಅಲ್ಲೇ ಬಿಟ್ಟು ಹೋದದ್ದು, ಅಜ್ಜಿ ಸಮಾಧಾನ ಹೇಳಲು ಬಂದು ತನ್ನನ್ನೇ ಅಳಿಸಿ ಹೋದದ್ದು, ಒಂದಾದ ಮೇಲೊಂದು. ಒಳಗೆ ಕಾಲಿಡುವಾಗ ಥಟ್ಟನೆ ನಿಂತಳು.

“ಅದಿರ್ಲಿ. ಆ ಹೊಸ ನಲ್ಲಿಗೆ ಎಷ್ಟು ಕೊಟ್ರಿ? ಪೈಪು, ಟೈಲ್ಸು, ಕೂಲಿ ಎಲ್ಲ ಸೇರ್ಸಿ ನಿಜ ಹೇಳಿ.”

ಕೊಂಬಣ್ಣ ತಲೆ ತಗ್ಗಿಸಿ ಹೇಳಿದ. ಅವಳು ಹಣೆ ಚಚ್ಚಿಕೊಂಡಳು.

“ಅಯ್ಯೋ ನನ್ನ ಯಜಮಾನ್ರೇ! ಅದೊಂದು ಮಾತು ಮೊದ್ಲೇ ಬರ್ದಿದ್ರೆ, ಹಳೇ ನಲ್ಲೀನೇ ಇನ್ನೊಂದು ವರ್ಷ ತಿರುಗಿಸ್ಕೊಂಡು ಇರ್ತಿದ್ನಲ್ರೀ.”